ಒಂದು ಹಿಡಿ ಕೊಸರು

ಆ ದಿನ ಬೆಳಿಗ್ಗೆ ಮಂಗಳೂರಿನ ಅಳಿವೆಬಾಗಿಲಿನಲ್ಲಿ ಗಾಳಿ ಎಂಬುದೇ ಇರಲಿಲ್ಲ. ಮಳೆಗಾಲ ಕಳೆದಿದ್ದರೂ ನೀರಿನ ಕೆಂಪು ಇನ್ನೂ ಇಳಿದಿರಲಿಲ್ಲ; ನೇತ್ರಾವತಿ ತಂದು ಸುರಿದ ಮಣ್ಣುನೀರು ಒಂದು ಕಡೆ, ಕಡಲಿನ ನೀಲಿ ಇನ್ನೊಂದು ಕಡೆ, ನಡುವೆ ಯಾರೋ ದಾರ ಹಿಡಿದು ಎಳೆದಂಥ ಗೆರೆ. ಅಲೆಯಿಲ್ಲ. ತೆಂಗಿನ ಗರಿ ಅಲುಗುತ್ತಿಲ್ಲ. ಕಾಗೆಗಳು ಕೂಡ ಹಡಗು ನಿಲ್ಲುವ ದಕ್ಕೆಯ ಕಂಬಗಳ ಮೇಲೆ ಸುಮ್ಮನೆ ಕೂತಿದ್ದವು. ತಕ್ಕಡಿಯ ಎರಡು ತಟ್ಟೆಯೂ ಸಮವಾಗಿ ನಿಂತಾಗ ಅಂಗಡಿಯವನೂ ಗಿರಾಕಿಯೂ ಒಂದು ಗಳಿಗೆ ಉಸಿರು ಹಿಡಿಯುತ್ತಾರಲ್ಲ, ಲೋಕ ಹಾಗಿತ್ತು.

ಇಂಥ ಬೆಳಗಿನಲ್ಲಿ ಹಳೆಯ ಮೊಗವೀರರು ದೋಣಿ ಇಳಿಸುತ್ತಿರಲಿಲ್ಲ. "ಸಮುದ್ರ ಏನೋ ಲೆಕ್ಕ ಹಾಕ್ತಾ ಉಂಟು, ನಡುವೆ ನಾವು ಬಾಯಿ ಹಾಕುವುದು ಬೇಡ" ಎಂದು ಬಲೆ ಸರಿಮಾಡುತ್ತ ಕೂರುತ್ತಿದ್ದರು. ಬಂದರಿನ ನಿಯಂತ್ರಣ ಕೊಠಡಿಯ ಮೆಟ್ಟಿಲು ಹತ್ತುತ್ತಿದ್ದ ವಿನೋದಿನಿ ಕಾಂಚನ್‌ಗೆ ಆ ಮಾತು ನೆನಪಾಯಿತು. ಅಷ್ಟರಲ್ಲಿ ಮೇಲಿನಿಂದ ನೋಯೆಲ್ ಲೋಬೋನ ಕೂಗು ಕೇಳಿಸಿತು. ನೋಯೆಲ್ ಅವಳ ಕೈಕೆಳಗಿನ ಎಂಜಿನಿಯರ್. ದೊಡ್ಡ ದನಿಯ, ದೊಡ್ಡ ಹೊಟ್ಟೆಯ, ಚಿಕ್ಕ ಸಂತೋಷಕ್ಕೂ ಊರು ಕೂಡಿಸುವ ಮನುಷ್ಯ.

"ಅಕ್ಕಾ, ಬೇಗ ಬನ್ನಿ ಮಾರಾಯ್ರೆ! ಸೊನ್ನೆ! ಪೂರ್ತಿ ಸೊನ್ನೆ!"

"ಎಂಥದ್ದು ಸೊನ್ನೆ?"

"ಕಂದುಫಾರು! ನಿಮ್ಮ ಆ ಹಟಮಾರಿ ದ್ವೀಪ. ರಾತ್ರಿ ಬಂದ ಹಡಗಿನಲ್ಲಿ ಒಂದೇ ಒಂದು ಮೀನು ಹೆಚ್ಚಿಲ್ಲ. ಎಲ್ಲ ಕಟ್ಟೂ ಕರೆಕ್ಟ್. ಇವತ್ತು ಎಲ್ಲರಿಗೂ ಐಸ್‌ಕ್ರೀಮ್ ನಿಮ್ಮದು, ಜಿಪುಣತನ ಮಾಡ್ಬೇಡಿ."

ಕೊಠಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ವಿನೋದಿನಿ ಪರದೆಯ ಮುಂದೆ ನಿಂತಳು. ಕಂದುಫಾರು ಎಂಬ ಹೆಸರಿನ ಮುಂದೆ ಇಷ್ಟು ವರ್ಷ ಕೆಂಪಗೆ ಮಿನುಗುತ್ತಿದ್ದ ಚುಕ್ಕೆ ಹಸಿರಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಕಟ್ಟಿದವರು ಯಾರು ಎಂಬಲ್ಲಿ, ಯಾವಾಗಲೂ ಇರುತ್ತಿದ್ದ 'ಮೂಸಾ' ಎಂಬ ಹೆಸರು ಇರಲಿಲ್ಲ. 'ಯಂತ್ರ' ಎಂದಿತ್ತು.

"ಎಂತ ಅಕ್ಕಾ, ಮದುವೆಮನೆಯಲ್ಲಿ ಸತ್ತವರ ಬೊಜ್ಜದ ಊಟಕ್ಕೆ ಕೂತ ಹಾಗೆ ಮುಖ ಮಾಡಿದ್ರಿ?" ಎಂದ ನೋಯೆಲ್.

ಅವಳು ದ್ವೀಪದ ದಕ್ಕೆಗೆ ಕರೆ ಹಚ್ಚಿದಳು. ಆಚೆಯಿಂದ ಬಂದದ್ದು ಯಂತ್ರದ ದನಿ: ಸರಕು ತಲುಪಿದೆ, ತೂಕ ಸರಿ ಇದೆ, ಧನ್ಯವಾದ. ಮೂಸಾ ಎಲ್ಲಿ ಎಂದು ಕೇಳಿದರೆ ಅದಕ್ಕೂ ಅದೇ ಉತ್ತರ.

ಇದು ಅರ್ಥವಾಗಬೇಕಾದರೆ 'ಸಮತೂಕ'ದ ಕಥೆ ಸ್ವಲ್ಪ ಹೇಳಬೇಕು.

ಮೊದಲೆಲ್ಲ ನಮ್ಮ ಕರಾವಳಿಗೂ ಮಾಲ್ದೀವ್ಸಿನ ದ್ವೀಪಗಳಿಗೂ ನಡುವೆ ಸಮುದ್ರಕ್ಕಿಂತ ಅಗಲವಾದದ್ದು ಒಂದಿತ್ತು: ಕಾಯುವುದು. ಇಲ್ಲಿ ಮೂಟೆ ಬಿಚ್ಚಿ ತೂಗಬೇಕು, ಅಲ್ಲಿ ಮತ್ತೆ ಬಿಚ್ಚಿ ತೂಗಬೇಕು, ಎರಡು ತೂಕ ಹೊಂದದಿದ್ದರೆ ಜಗಳ. ಜಗಳ ತೀರುವ ಹೊತ್ತಿಗೆ ಬಾಳೆಗೊನೆ ಕಪ್ಪಾಗಿ, ಈರುಳ್ಳಿ ಮೊಳೆತು, ವ್ಯಾಪಾರಿಯ ತಲೆ ನರೆತಿರುತ್ತಿತ್ತು. ಕೈ ಬಿಸಿ ಮಾಡಿದವನ ಹಡಗು ಮುಂದೆ, ಉಳಿದವನ ಹಡಗು ಹಿಂದೆ. ಆಗ ಬಂದದ್ದು ಸಾಕ್ಷಿನೂಲು. ಕೂದಲೆಳೆಯಂಥ ಒಂದು ದಾರ. ಗೋಣಿಯ ಹೊಲಿಗೆಯಲ್ಲಿ ಅದನ್ನು ಸೇರಿಸಿದರೆ, ಭೂಮಿತಾಯಿ ಆ ಮೂಟೆಯನ್ನು ಎಷ್ಟು ಬಲದಿಂದ ತನ್ನ ಕಡೆಗೆ ಎಳೆಯುತ್ತಿದ್ದಾಳೆ ಎಂಬುದನ್ನು ಅದು ಗಳಿಗೆಗಳಿಗೆಗೂ ಅಳೆದು ಹೇಳುತ್ತದೆ. ಹಡಗಿನ ಓಲಾಟವನ್ನು ಕಳೆದು, ಅಲೆಯ ಏರಿಳಿತವನ್ನು ಕಳೆದು, ಗ್ರಾಮಿಗೆ ಗ್ರಾಮು ಸರಿಯಾದ ತೂಕ. ಈ ದಡದ ತೂಕವೇ ಆ ದಡದಲ್ಲೂ ಇದ್ದರೆ ಮೂಟೆಯನ್ನು ಯಾರೂ ಬಿಚ್ಚಬೇಕಿಲ್ಲ. ಎರಡು ದೇಶಗಳೂ ಆ ದಾರದ ಮಾತನ್ನು ನಂಬಲು ಒಪ್ಪಿದವು. ಆ ಒಪ್ಪಂದದ ಹೆಸರೇ ಸಮತೂಕ. ಅಲ್ಲಿಂದ ಮುಂದೆ ಗಡಿ ಎಂದರೆ ನೀರಿನ ಮೇಲಿನ ಗೆರೆ ಮಾತ್ರ.

ಒಳ್ಳೆಯದೇ ಆಯಿತು. ಆಗಲಿಲ್ಲ ಎಂದರೆ ದೇವರು ಮೆಚ್ಚಲಾರ. ಬೆಳಿಗ್ಗೆ ಕೊಯ್ದ ಬಸಳೆ ಸಂಜೆಗೆ ದ್ವೀಪದ ಪಾತ್ರೆಯಲ್ಲಿ ಬೇಯುತ್ತಿತ್ತು. ದ್ವೀಪದವರು ಹೊಗೆ ಹಾಕಿ ಒಣಗಿಸಿದ, ಮರದ ತುಂಡಿನಷ್ಟು ಗಟ್ಟಿಯಾದ ಮೀನು ಎರಡನೆಯ ದಿನ ಹಾಸನದ ಸಂತೆಯಲ್ಲಿ ಮಾರಾಟವಾಗುತ್ತಿತ್ತು. ಉಳ್ಳಾಲದ ಹೆಂಗಸರು ಹಪ್ಪಳದ ಕಾರ್ಖಾನೆ ಹಾಕಿದರು. ಅಲ್ಲಿಯ ಹುಡುಗಿಯರು ಇಲ್ಲಿ ದಾದಿಯರ ಓದು ಓದಿ ಹೋಗಿ ತಮ್ಮ ದ್ವೀಪದಲ್ಲೇ ಆಸ್ಪತ್ರೆ ತೆರೆದರು. ಯಾವ ಮನೆಗೆ ಎಷ್ಟು ಅಕ್ಕಿ ಬೇಕೋ ಅದನ್ನು ಯಂತ್ರವೇ ಲೆಕ್ಕ ಹಾಕಿ, ಕೇಳುವ ಮೊದಲೇ ಕಳಿಸುತ್ತಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆ 'ಹೆಚ್ಚೂ ಇಲ್ಲ' ಎಂಬುದು ವಿನೋದಿನಿಯ ಕೊಡುಗೆ.

ಸಮತೂಕ ಶುರುವಾದ ಹೊಸತರಲ್ಲಿ ಒಂದು ತೊಡಕು ಬಂದಿತ್ತು. ಮಂಗಳೂರಿನ ಹಳೆ ಬಂದರಿನಿಂದ ಹೊರಟ ಪ್ರತಿ ಮೂಟೆಯೂ ಬರೆದ ತೂಕಕ್ಕಿಂತ ಸ್ವಲ್ಪ ಜಾಸ್ತಿ. ದ್ವೀಪದಿಂದ ಬಂದ ಪ್ರತಿ ಮೀನುಕಟ್ಟೂ ಒಂದು ಮೀನಿನಷ್ಟು ಜಾಸ್ತಿ. ಕಡಿಮೆಯಾದರೆ ಕಳವು ಎನ್ನಬಹುದು, ಜಾಸ್ತಿಯಾದರೆ ಏನೆನ್ನುವುದು? ಎರಡು ದೇಶಗಳ ತಜ್ಞರು ತಂಪು ಕೋಣೆಯಲ್ಲಿ ಉದ್ದ ಮೇಜಿನ ಸುತ್ತ ಕೂತು ತಲೆ ಕೆಡಿಸಿಕೊಂಡರು. ಆ ಮೇಜಿನ ತುದಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ವಿನೋದಿನಿಯೊಬ್ಬಳಿಗೇ ಅದು ಏನೆಂದು ಗೊತ್ತಿತ್ತು.

ಅದು ಕೊಸರು. ಅಳೆದು ಮುಗಿದ ಮೇಲೆ, ಗೋಣಿಯ ಬಾಯಿ ಹೊಲಿಯುವ ಮೊದಲು, ಅಳೆಯದೆ ಹಾಕುವ ಒಂದು ಹಿಡಿ. ಹಳೆ ಬಂದರಿನಲ್ಲಿ ಅದಕ್ಕೊಂದು ಕ್ರಮವಿತ್ತು. ಹಾಕುವವನು ಮುಖ ಆಚೆ ತಿರುಗಿಸಬೇಕು. ನೋಡುತ್ತ ಹಾಕಿದರೆ ಕೈ ಸಣ್ಣದಾಗುತ್ತದೆ ಎಂದು ಹಿರಿಯರ ಮಾತು. ಆಚೆ ದ್ವೀಪದಲ್ಲಿ ಮೂಟೆ ಬಿಚ್ಚಿದವರು ಮೇಲಿನ ಒಂದು ಹಿಡಿಯನ್ನು ದಕ್ಕೆಯ ಮನೆಯ ಮಣ್ಣಿನ ಗುಡಾಣಕ್ಕೆ ಹಾಕುತ್ತಿದ್ದರು. ಅವತ್ತು ಯಾರ ಒಲೆ ಉರಿಯಲಿಲ್ಲವೋ ಅವರು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗುವುದು. ಹಾಗೇ ಅವರ ಕಟ್ಟಿನ ಹೆಚ್ಚಿನ ಮೀನು ಈಚೆ ಬಂದರಿನಲ್ಲಿ ಗೋದಾಮು ಗುಡಿಸುವ ಹೆಂಗಸರಿಗೆ. ಆಚೆಯವರ ಕೊಸರು ಈಚೆಯ ಬಡವರಿಗೆ, ಈಚೆಯ ಕೊಸರು ಆಚೆಯವರಿಗೆ. ಯಾರೂ ಬರೆದದ್ದಲ್ಲ, ಯಾರೂ ಸಹಿ ಹಾಕಿದ್ದಲ್ಲ.

ವಿನೋದಿನಿಗೆ ಅದು ಹೇಗೆ ಗೊತ್ತು ಎಂದರೆ, ಅವಳು ಬೆಳೆದದ್ದೇ ಆ ಮೀನು ತಿಂದು. ಅಪ್ಪ ಹೋದ ಮೇಲೆ ಅವಳ ಅಮ್ಮ ಕಲ್ಯಾಣಿ ಗೋದಾಮಿನಲ್ಲಿ ಉದುರಿದ ಕಾಳು ಗುಡಿಸಿ ಒಟ್ಟುಮಾಡುತ್ತಿದ್ದಳು. ದ್ವೀಪದ ಹಾಯಿಹಡಗು ಮಂಜಿ ಬಂದ ದಿನ ಕಂದುಫಾರುವಿನ ಮೂಸಾ ಎಂಬ ಎತ್ತರದ ಹುಡುಗ ಕಟ್ಟು ಬಿಚ್ಚಿ, ಮೀನನ್ನು ಅಮ್ಮನ ಬುಟ್ಟಿಯ ಮೇಲಿಟ್ಟು, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ. ಪಕ್ಕದಲ್ಲಿ ನಿಂತ ಸಣ್ಣ ವಿನೋದಿನಿ ಅವನ ಲುಂಗಿ ಎಳೆದರೆ ಮಾತ್ರ ನಗುತ್ತಿದ್ದ.

ಅವತ್ತು ಆ ಮೇಜಿನ ಮುಂದೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಗುಡಿಸುವವಳ ಮಗಳು ಎಂದು ತಿಳಿಯುತ್ತದೆ. ಹೊಸ ಸೀರೆ, ಹೊಸ ಕೆಲಸ, ಎದುರಿಗೆ ದೊಡ್ಡ ದೊಡ್ಡವರು. ಅವಳು ಎದ್ದು ನಿಂತು ಹೇಳಿದ್ದು ಇಷ್ಟು: "ತುಂಬಿಸುವವರ ಕೈಯ ದೋಷ. ಸರಿಪಡಿಸಬಹುದು."

ಸರಿಪಡಿಸಿದಳು. ಮೂಟೆ ತುಂಬುವ ಯಂತ್ರದ ತೋಳುಗಳಿಗೆ ಅವಳೇ ಆಜ್ಞೆ ಬರೆದಳು: ತೂಕ ಮುಟ್ಟಿದ ಕೂಡಲೇ ನಿಲ್ಲಿಸು, ಹೆಚ್ಚು ಬಂದರೆ ಹಿಂದಿರುಗಿಸು. ಹಡಗುಗಟ್ಟಲೆ ಧಾನ್ಯ ಉಳಿಯಿತು. ಅವಳಿಗೆ ಪದಕ ಕೊಟ್ಟರು. ದ್ವೀಪಗಳಿಂದ ಒಂದು ದೂರೂ ಬರಲಿಲ್ಲ. ಎಲ್ಲಿಂದ ಬಂದೀತು? ಬರೆದು ಕೊಟ್ಟದ್ದು ಕಡಿಮೆಯಾದರೆ ಕೇಳಬಹುದು, ಬರೆಯದೆ ಕೊಟ್ಟದ್ದನ್ನು ಯಾವ ಬಾಯಿಂದ ಕೇಳುವುದು?

ಒಂದೊಂದೇ ದ್ವೀಪ ಯಂತ್ರದಿಂದ ಮೀನು ಕಟ್ಟಿಸತೊಡಗಿತು. ಕಂದುಫಾರು ಮಾತ್ರ ಕೈಯಲ್ಲೇ ಕಟ್ಟುತ್ತಿತ್ತು. ಪ್ರತಿ ಕಟ್ಟಿನಲ್ಲೂ ಒಂದು ಮೀನು ಹೆಚ್ಚು. ಇಲ್ಲಿಯ ಯಂತ್ರದ ತೋಳು ಅದನ್ನು ಎತ್ತಿ ಮರುಹಡಗಿನಲ್ಲಿ ವಾಪಸು ಕಳಿಸುತ್ತಿತ್ತು. ಮುಂದಿನ ಕಟ್ಟಿನಲ್ಲಿ ಮತ್ತೆ ಒಂದು. ಕೊಡುವವನು ಸೋಲಲಿಲ್ಲ, ಹಿಂದಿರುಗಿಸುವುದೂ ಸೋಲಲಿಲ್ಲ. ಆ ಕೆಂಪು ಚುಕ್ಕೆಯನ್ನು ಕಂಡಾಗಲೆಲ್ಲ ವಿನೋದಿನಿಗೆ ಎದೆ ಚುಚ್ಚಿದರೂ ಒಳಗೊಳಗೆ ಒಂದು ಧೈರ್ಯ: ಅವನಿದ್ದಾನೆ, ಇನ್ನೂ ಕೊಡುತ್ತಿದ್ದಾನೆ, ಒಂದು ದಿನ ಹೋಗಿ ಹೇಳಿಬಿಡುತ್ತೇನೆ. ಪ್ರತಿ ಮಳೆಗಾಲ ಮುಗಿದಾಗ ಹೊರಡಬೇಕು ಎಂದುಕೊಳ್ಳುತ್ತಿದ್ದಳು. ಪ್ರತಿ ವರ್ಷವೂ ಏನೋ ಒಂದು ಕೆಲಸ ಅಡ್ಡ ಬರುತ್ತಿತ್ತು. ನಾಚಿಕೆ ನೆಪ ಹುಡುಕಿದರೆ ಕೆಲಸಕ್ಕೆ ಬರವೇ?

ಈಗ ಚುಕ್ಕೆ ಹಸಿರಾಗಿತ್ತು.

*

ಸಂಜೆ ಮನೆಗೆ ಬಂದಾಗ ಕಲ್ಯಾಣಿ ಬಾಲ್ಕನಿಯಲ್ಲಿ ಕೂತು ಮೊರದಲ್ಲಿ ಕುಚಲಕ್ಕಿ ಆರಿಸುತ್ತಿದ್ದಳು. ಯಂತ್ರದಿಂದ ಬಂದ ಅಕ್ಕಿಯಲ್ಲಿ ಕಲ್ಲು ಹುಡುಕಿದರೂ ಸಿಗದು. ಆದರೂ ಆರಿಸಬೇಕು, ಕೈ ಸುಮ್ಮನಿದ್ದರೆ ಅವಳಿಗೆ ದೇವರ ನಾಮ ಬಾಯಿಗೆ ಬರುವುದಿಲ್ಲ.

"ಬೇಗ ಬಂದೆಯಲ್ಲ? ಗಂಜಿಗೆ ಇಟ್ಟಿದ್ದೇನೆ. ಆ ಹೊಗೆಮೀನಿನ ಚಟ್ನಿ ಉಂಟು" ಎಂದಳು.

ವಿನೋದಿನಿ ನೆಲದ ಮೇಲೆ ಅವಳ ಕಾಲ ಬಳಿ ಕೂತಳು. "ಅಮ್ಮಾ, ಆ ದ್ವೀಪದ ಕಥೆ ಹೇಳು."

"ಯಾವುದು? ಕೊಸರಿನದ್ದಾ? ಅಜ್ಜಿಯಾಗುವ ಪ್ರಾಯದಲ್ಲಿ ಅಜ್ಜಿಕಥೆ ಬೇಕಾ ನಿನಗೆ?" ಎಂದು ನಕ್ಕರೂ ಮೊರ ಕೆಳಗಿಟ್ಟಳು. "ದೇವರು ಎಲ್ಲರಿಗೂ ಭೂಮಿ ಅಳೆದು ಕೊಟ್ಟನಂತೆ. ಘಟ್ಟದವರಿಗೆ ಇಷ್ಟು, ಬಯಲಿನವರಿಗೆ ಇಷ್ಟು, ನಮ್ಮಂಥ ಕರಾವಳಿಯವರಿಗೆ ಅಗಲಕ್ಕೆ ಒಂದು ಗೇಣು. ಕೊಟ್ಟು ಮುಗಿದ ಮೇಲೆ ಬುಟ್ಟಿ ನೋಡಿದ, ಒಂದು ಹಿಡಿ ಮಣ್ಣು ಉಳಿದಿತ್ತು. ಇದು ಯಾರಿಗೆ ಅಂತ ಅವ ಯೋಚನೆ ಮಾಡ್ಲಿಲ್ಲ. ಮುಖ ಆಚೆ ತಿರುಗಿಸಿ ಸಮುದ್ರಕ್ಕೆ ಎಸೆದ. ಅದೇ ಆ ದ್ವೀಪಗಳು. ಹಾಗಾಗಿ ಅಲ್ಲಿಯವರು ಹೆಚ್ಚು ಕೊಡದೆ ಇರುವುದಿಲ್ಲ. ಅವರು ನಿಂತ ನೆಲವೇ ಕೊಸರು." ಸ್ವಲ್ಪ ತಡೆದು ಕೇಳಿದಳು, "ಮೂಸಾನ ಮೀನು ಈಗಲೂ ಬಂದರಿನ ಹೆಂಗಸರಿಗೆ ಸಿಗ್ತದಾ ಮಗಾ?"

ಇಷ್ಟು ವರ್ಷ ಅಮ್ಮ ಈ ಪ್ರಶ್ನೆ ಕೇಳಿದಾಗಲೆಲ್ಲ ಅವಳು "ಹ್ಞೂಂ" ಎಂದಿದ್ದಳು.

"ಇಲ್ಲಮ್ಮ. ನಾನೇ ನಿಲ್ಲಿಸಿದೆ."

ಹೇಳಿದಳು. ಮೇಜು, ತಜ್ಞರು, ಕೈಯ ದೋಷ ಎಂದ ಮಾತು, ಗೋಡೆಯ ಮೇಲಿನ ಪದಕ, ಇವತ್ತು ಹಸಿರಾದ ಚುಕ್ಕೆ, ಎಲ್ಲ. ಹೇಳುತ್ತ ಅಮ್ಮನ ಮುಖ ನೋಡಲಾಗದೆ ಮೊರದ ಅಕ್ಕಿಯನ್ನೇ ನೋಡುತ್ತಿದ್ದಳು. ಕೆಳಗೆ ರಸ್ತೆಯಲ್ಲಿ ಯಾರೋ ಮಲ್ಲಿಗೆ ಮಾರುತ್ತ ಹೋದರು. ಒಳಗೆ ಗಂಜಿ ಉಕ್ಕಿ ಒಲೆಗೆ ಚೆಲ್ಲಿದ ವಾಸನೆ ಬಂದರೂ ಕಲ್ಯಾಣಿ ಏಳಲಿಲ್ಲ.

"ನಾನು ಗುಡಿಸಿದ್ದು ನಿನಗೆ ನಾಚಿಕೆಯಾ?" ಎಂದು ಕೇಳಿದಳು ಕೊನೆಗೆ. ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು.

"ಆಗ ಆಗಿತ್ತು."

"ಈಗ?"

"ಈಗ ನನ್ನ ಬಗ್ಗೆ."

ಕಲ್ಯಾಣಿ ಮೊರ ತೊಡೆಗೆಳೆದುಕೊಂಡು ಮತ್ತೆ ಆರಿಸತೊಡಗಿದಳು. "ದೇವರ ಎದುರು ಅಳುವುದು ಆಮೇಲೆ. ಮೊದಲು ಆ ಮನುಷ್ಯ ಇದ್ದಾನಾ ನೋಡು" ಎಂದಳು.

*

ಮರುದಿನ ವಿನೋದಿನಿ ನೋಯೆಲನಿಗೆ ಎಲ್ಲವನ್ನೂ ಹೇಳಿದಳು. ಅವನು ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದ.

"ಅಕ್ಕಾ, ಸರಿಮಾಡುವಾ. ಎಷ್ಟು ಸುಲಭ ಇದು! ಒಂದು ಕಾಲಂ ಹಾಕುವಾ. ಕೊಸರು, ಮೂಟೆಗೆ ಅರವತ್ತು ಗ್ರಾಮ್. ಎರಡೂ ಕಡೆ ಬರೆದರೆ ತೂಕ ಸರಿಯೇ ಬರ್ತದೆ."

"ಅಳೆದು ಹಾಕಿದ್ರೆ ಅದು ಅಕ್ಕಿ ನೋಯೆಲ್, ಕೊಸರಲ್ಲ."

"ಹಾಗಾದ್ರೆ ಅಳೆಯದೆ ಬಿಡುವಾ ಅಂತೀರಾ? ಇವತ್ತು ಒಂದು ಹಿಡಿ ಬಿಡುವಾ. ನಾಳೆ ಒಬ್ಬ ಬಂದು ಒಂದು ಮೂಟೆ ಕೊಸರು ಅಂತಾನೆ. ನಾಡಿದ್ದು ಅದೇ ಹಳೇ ಸುಂಕದ ಕಟ್ಟೆ, ಅದೇ ಕಾಯುವುದು, ಅದೇ ಕೈ ಬಿಸಿ. ನನ್ನ ಅಪ್ಪನ ಬಾಳೆಹಣ್ಣು ಎಷ್ಟು ಸಲ ಇದೇ ದಕ್ಕೆಯಲ್ಲಿ ಕೊಳೆತು ಹೋಗಿದೆ, ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಸುಳ್ಳಿದ್ದರೆ ಹೊರೆ ಅಷ್ಟು ಹಗುರವಾಗುತ್ತಿತ್ತು. ಅವಳು ಎರಡು ದೇಶಗಳ ಮಂಡಳಿಗೂ ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದಳು. ಮಂಡಳಿ ಮರ್ಯಾದೆಯಿಂದಲೇ ಉತ್ತರಿಸಿತು: ಭಾವನೆ ಅರ್ಥವಾಗುತ್ತದೆ, ಬೇಕಾದರೆ ಕಾಲಂ ಹಾಕೋಣ.

ಅವಳು ಕಂದುಫಾರುವಿಗೆ ಹೊರಟಳು.

ಪ್ರಯಾಣಿಕರ ಚೀಲಕ್ಕೂ ಸಾಕ್ಷಿನೂಲು ಉಂಟು. ಹಿಂದಿನ ಸಂಜೆಯೇ ಅದರಲ್ಲಿರುವ ವಸ್ತುಗಳನ್ನು ಹೇಳಿ ತೂಕ ಒಪ್ಪಿಸಬೇಕು. ಬೆಳಿಗ್ಗೆ ಒಂದು ಗುಂಜಿ ಬದಲಾದರೂ ತಡೆಗಂಬ ಏಳುವುದಿಲ್ಲ. ವಿನೋದಿನಿ ಬಟ್ಟೆಗಳ ಜೊತೆಗೆ ಪದಕವನ್ನೂ ಹೇಳಿ ತೂಗಿಸಿದಳು. ತಾನೇ ಕಟ್ಟಿದ ಯಂತ್ರಕ್ಕೆ ತಾನೇ ಮೋಸ ಮಾಡುವ ದಾರಿ ಅವಳಿಗೆ ಗೊತ್ತಿತ್ತು.

ನಸುಕಿನಲ್ಲಿ ಹೊರಡುವಾಗ ಕಲ್ಯಾಣಿ ಅಕ್ಕಿಡಬ್ಬದ ಮುಂದೆ ನಿಂತಿದ್ದಳು. ಗೋಡೆ ಹಿಡಿದು ಆ ಕತ್ತಲಲ್ಲಿ ನಡೆದು ಬಂದಿದ್ದಳು. ಡಬ್ಬದೊಳಗೆ ಕೈಯಿಟ್ಟು, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ, ಒಂದು ಹಿಡಿ ತೆಗೆದಳು. ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟಳು.

"ನನ್ನ ಕೈ ಈಗ ಬತ್ತಿದೆ. ಅವ ಕೊಟ್ಟದ್ದಕ್ಕೆ ಇದು ಏನೂ ಸಾಲದು. ಆದ್ರೂ ತಕೊಂಡು ಹೋಗು."

ಕಚೇರಿಯ ಸಣ್ಣ ತಕ್ಕಡಿಯಲ್ಲಿ ವಿನೋದಿನಿ ಒಂದು ತಟ್ಟೆಗೆ ಪದಕ, ಇನ್ನೊಂದಕ್ಕೆ ಅಮ್ಮನ ಗಂಟು ಇಟ್ಟಳು. ಗಂಟು ಕೆಳಗಿಳಿಯಿತು. ಬತ್ತಿದ ಕೈ ಎಂದಿದ್ದಳಲ್ಲ! ಗಂಟಿನಿಂದ ಒಂದು ಕಾಳು ತೆಗೆಯಲೂ ಅವಳಿಗೆ ಮನಸ್ಸು ಬರಲಿಲ್ಲ. ಚೀಲದೊಳಗೆ ಇಟ್ಟಿದ್ದ ಬಾಚಣಿಗೆಯನ್ನು ತೆಗೆದು ಪದಕದ ಪಕ್ಕಕ್ಕಿಟ್ಟಳು. ಸಾಲಲಿಲ್ಲ. ಕನ್ನಡಕದ ಡಬ್ಬಿಯನ್ನೂ ಇಟ್ಟಳು. ಮುಳ್ಳು ನಡುವಿಗೆ ಬಂದು ನಿಂತಿತು. ಪದಕ, ಬಾಚಣಿಗೆ, ಡಬ್ಬಿ ಮೂರನ್ನೂ ಮೇಜಿನ ಖಾನೆಗೆ ತಳ್ಳಿ, ಗಂಟನ್ನು ಚೀಲದ ತಳಕ್ಕಿಟ್ಟು ಇಳಿದುಹೋದಳು.

ತಡೆಗಂಬದ ಬಳಿ ನೋಯೆಲ್ ನಿಂತಿದ್ದ. ತೂಕ ಸರಿ ಎಂದು ಹಸಿರು ದೀಪ ಹೊತ್ತಿತು. ಅವನು ದೀಪ ನೋಡಿದ, ಚೀಲ ನೋಡಿದ, ಗಾಳಿಗೆ ಕೆದರಿದ ಅವಳ ಕೂದಲು ನೋಡಿದ.

"ಬಾಚಣಿಗೆ ಮರೆತ್ರಾ ಅಕ್ಕಾ?"

"ಮರೆತೆ."

"ಹ್ಞಾಂ. ಹೋಗಿ ಬನ್ನಿ" ಎಂದು ಅವನು ಸಮುದ್ರದ ಕಡೆಗೆ ಮುಖ ತಿರುಗಿಸಿ ನಿಂತ.

*

ನೀರಿನ ಮೇಲೆ ಹಾರಿದಂತೆ ಓಡುವ ಹೊಸ ಹಡಗು ಇಳಿಹೊತ್ತಿಗೆ ಕಂದುಫಾರು ಮುಟ್ಟಿತು. ಚಿಕ್ಕ ದ್ವೀಪ. ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಓಗೊಡಬಹುದು. ಬಿಳಿ ಮರಳು, ಚೊಕ್ಕ ಬೀದಿ, ಪ್ರತಿ ಮನೆಗೂ ಸೂರ್ಯನ ಬೆಳಕಿನ ವಿದ್ಯುತ್ತು. ಬಡತನದ ಗುರುತೇ ಇಲ್ಲ. ದಕ್ಕೆಯಲ್ಲಿ ಯಂತ್ರವೊಂದು ಮೀನು ಕಟ್ಟುತ್ತಿತ್ತು. ಅದರ ಪಕ್ಕದ ಹವಳದ ಕಲ್ಲಿನ ಹಳೆಯ ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದಳು.

ವಿನೋದಿನಿ ಕಿವಿಗೆ ಭಾಷಾಂತರದ ಗುಂಡಿ ಸಿಕ್ಕಿಸಿಕೊಂಡು ಮೂಸಾನ ಮನೆ ಯಾವುದು ಎಂದು ಕೇಳಿದಳು. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದು ತೆಗೆ ಕಿವಿಯಿಂದ" ಎಂದಳು. ಹಳೆ ಬಂದರಿನ ಕನ್ನಡ! "ಮಂಗಳೂರಲ್ವಾ ನೀನು? ಸಣ್ಣದಿರುವಾಗ ಅಪ್ಪನ ಓಡದಲ್ಲಿ ಬಂದು ಮಳೆಗಾಲ ಪೂರಾ ಬಂದರಿನಲ್ಲಿ ಕೂತವಳು ನಾನು. ಮರೆತಿಲ್ಲ. ನಾನು ಹವ್ವಾ. ಮೂಸಾನ ತಂಗಿ."

"ಮೂಸಾ..."

"ಕೂತ್ಕೊ ಮಗಳೇ. ಮೊದಲು ನೀರು ಕುಡಿ."

ನೀರು ಕುಡಿದ ಮೇಲೆ ಹವ್ವಾ ಹಗ್ಗ ಹೊಸೆಯುತ್ತಲೇ ಹೇಳಿದಳು. ಈಗ ಮುಗಿದ ಮಳೆಗಾಲದ ಕೊನೆಯಲ್ಲಿ ಗಾಳಿ ಎದ್ದು, ಹಡಗು ಬರುವುದು ನಿಂತಿತು. ಯಂತ್ರ ಲೆಕ್ಕ ಹಾಕಿ ಕಳಿಸಿದ ಅಕ್ಕಿ ಲೆಕ್ಕದ ಹಾಗೆಯೇ ಮುಗಿಯಿತು. ಗಾಳಿ ಲೆಕ್ಕ ಕೇಳಲಿಲ್ಲ. ಮೀನಿತ್ತು, ತೆಂಗಿನಕಾಯಿ ಇತ್ತು. ಗಂಡಸರು ಹೇಗೋ ತಡೆದರು. ಆದರೆ ಕೊನೆಯ ಮನೆಯಲ್ಲಿ ಒಬ್ಬಳು ಹೆತ್ತಿದ್ದಳು. ಜ್ವರ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ, ಗಂಜಿ ಎಂದು ಕನವರಿಸುತ್ತಿದ್ದಳು.

"ಹಿಂದೆ ಎಂಥಾ ಗಾಳಿ ಬಂದ್ರೂ ಗುಡಾಣದಲ್ಲಿ ಅಕ್ಕಿ ಇರ್ತಿತ್ತು. ನಿಮ್ಮ ಬಂದರಿನ ಅಕ್ಕಿ. ಮೂಸಾ ಹೋಗಿ ಗುಡಾಣದೊಳಗೆ ಕೈ ಹಾಕಿದ. ಖಾಲಿ ಅಂತ ಅವನಿಗೆ ಗೊತ್ತಿತ್ತು. ಆದ್ರೂ ಕೈ ಹಾಕಿದ. ಆಮೇಲೆ ದೋಣಿ ತಕೊಂಡು ಪಕ್ಕದ ದ್ವೀಪಕ್ಕೆ ಹೋದ." ಹವ್ವಾ ಹಗ್ಗದ ತುದಿ ಬಿಗಿದಳು. "ದೋಣಿ ಬಂತು. ಅವ ಬರಲಿಲ್ಲ. ದೋಣಿಯಲ್ಲಿ ಅಕ್ಕಿ ಕಟ್ಟಿಟ್ಟಿದ್ದ. ಉಪ್ಪುನೀರು ಕುಡಿದು ಉಬ್ಬಿಹೋಗಿತ್ತು."

"ಆ ಹೆತ್ತವಳು?"

"ಉಳಿದಳು. ಗಾಳಿ ನಿಂತಿತು, ಹಡಗು ಬಂತು. ಮಗುವಿಗೆ ಮೂಸಾ ಅಂತ ಹೆಸರು. ಇಡೀ ದಿನ ಅಳ್ತಾನೆ, ಅಣ್ಣನ ಗಂಟಲೇ ಬಂದಿದೆ." ಹವ್ವಾ ನಕ್ಕಳು. ವಿನೋದಿನಿಗೆ ನಗಲಾಗಲಿಲ್ಲ.

"ಒಳಗೆ ಬಾ, ಒಂದು ತೋರಿಸ್ತೇನೆ."

ಒಳಗೆ ಕತ್ತಲು. ಹೊಗೆಯ ವಾಸನೆ, ಅವಳ ಬಾಲ್ಯದ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಮಾಡಿನ ಅಡ್ಡಪಟ್ಟಿಗಳಿಂದ ಸಾಲು ಸಾಲಾಗಿ ಮೀನುಗಳು ತೂಗುತ್ತಿದ್ದವು. ಕಪ್ಪಗೆ, ಮರದ ಹಾಗೆ. ಒಂದೊಂದರ ಬಾಲಕ್ಕೂ ಸಮತೂಕದ ಬಿಳಿ ಚೀಟಿ: ಹೆಚ್ಚುವರಿ, ಹಿಂದಿರುಗಿಸಲಾಗಿದೆ.

"ನಿಮ್ಮ ಯಂತ್ರ ವಾಪಸು ಕಳಿಸಿದ್ದು. ಕೊಟ್ಟ ಮೇಲೆ ನಮ್ಮದಲ್ಲವಲ್ಲ, ತಿನ್ನುವುದು ಹೇಗೆ? ಅಲ್ಲಿ ಯಾರೋ ಹೊಸಬರು, ಗೊತ್ತಿಲ್ಲದೆ ಕಳಿಸ್ತಾ ಇದ್ದಾರೆ ಅಂತ ಮೂಸಾ ಹೇಳ್ತಿದ್ದ. ಗೊತ್ತಿದ್ದವರು ಒಬ್ಬರಾದ್ರೂ ಇರ್ತಾರೆ, ಒಂದು ದಿನ ಸರಿಮಾಡ್ತಾರೆ ಅಂತಿದ್ದ. ಗುಡಿಸುವ ಒಬ್ಬಳ ಮಗಳು ಇದ್ದಳಂತೆ, ಅವನ ಲುಂಗಿ ಎಳೀತಿದ್ದಳಂತೆ. ಅವಳು ಓದಿ ದೊಡ್ಡವಳಾಗಿರಬಹುದು ಅಂತ ಹೇಳ್ತಿದ್ದ."

ವಿನೋದಿನಿ ಕಂಬ ಹಿಡಿದು ನಿಂತಳು. ತಲೆಯ ಮೇಲೆ ಮೀನುಗಳು ಗಾಳಿಗೆ ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡಿದವು.

"ಅವಳೇ ನಾನು" ಎಂದಳು. "ಗೊತ್ತಿದ್ದೇ ನಿಲ್ಲಿಸಿದೆ. ಕೈಯ ದೋಷ ಅಂತ ಹೇಳಿದ್ದು ನಾನೇ."

ಹವ್ವಾ ಅವಳನ್ನು ನೋಡಿದಳು. ಬೈಯಲಿಲ್ಲ. ಇರಲಿ ಮಗಳೇ ಎಂದೂ ಹೇಳಲಿಲ್ಲ. ಕ್ಷಮಿಸುವುದಕ್ಕೆ ಅದು ಅವಳಿಗೆ ಮಾಡಿದ ತಪ್ಪಾಗಿರಲಿಲ್ಲ; ತಪ್ಪು ಯಾರಿಗೆ ಆಗಿತ್ತೋ ಅವನು ನೀರಿನಲ್ಲಿದ್ದ. ಬಾಗಿಲ ಹೊರಗೆ ಬೆಳಕು ಓರೆಯಾಗಿ ಬಿದ್ದಿತ್ತು. ಮಸೀದಿಯಿಂದ ಸಂಜೆಮುಂಚಿನ ಪ್ರಾರ್ಥನೆಯ ಕೂಗು ಕೇಳಿಸಿತು.

"ನನಗೆ ನಮಾಜಿಗೆ ಹೊತ್ತಾಯ್ತು" ಎಂದಳು ಹವ್ವಾ. ಮೂಲೆಯಲ್ಲಿ ಕೈಕಾಲು ತೊಳೆದು, ಚಾಪೆ ಹಾಸಿ, ಬಾಗಿಲಿಗೆ ಬೆನ್ನು ಮಾಡಿ ನಿಂತಳು.

ಗುಡಾಣ ಬಾಗಿಲ ಪಕ್ಕದಲ್ಲೇ ಇತ್ತು. ಬಾಯಿಯ ಅಂಚು ಕೈಗಳು ತಾಗಿ ತಾಗಿ ನುಣುಪಾಗಿತ್ತು. ವಿನೋದಿನಿ ಅದರ ಮುಂದೆ ಕುಳಿತಳು. ಚೀಲದ ತಳದಿಂದ ಗಂಟು ತೆಗೆದಳು. ಅಮ್ಮ ಹಾಕಿದ ಗಂಟು ಬಿಗಿಯಾಗಿತ್ತು. ಉಗುರಿಗೆ ಸಿಗದೆ ಹಲ್ಲಿನಿಂದ ಬಿಚ್ಚಿದಳು. ದೇವರೇ ಎಂದುಕೊಂಡಳು. ಮುಂದಿನ ಮಾತು ಬರಲಿಲ್ಲ. ಬರದಿದ್ದರೂ ಕೇಳಿಸಿಕೊಳ್ಳುವವನು ಅವನು ಎಂದು ಅಮ್ಮ ಹೇಳುತ್ತಿದ್ದಳು.

ಅಕ್ಕಿಯನ್ನು ಹಿಡಿಯಲ್ಲಿ ತೆಗೆದುಕೊಂಡು, ಮುಖವನ್ನು ಸಮುದ್ರದ ಕಡೆಗೆ ತಿರುಗಿಸಿ, ಕೈಯನ್ನು ಗುಡಾಣದ ಕತ್ತಲಿನಲ್ಲಿ ಬಿಚ್ಚಿದಳು. ಖಾಲಿ ತಳಕ್ಕೆ ಕಾಳು ಬಿದ್ದ ಸದ್ದು ಮನೆಯೆಲ್ಲ ಕೇಳಿಸಿತು. ಹವ್ವಾ ಕೇಳಿಸಿಕೊಂಡಳು. ಬಾಗಿದವಳು ಬಾಗಿದ ಹಾಗೆಯೇ ಇದ್ದಳು. ಹಿಂದಿರುಗಿ ನೋಡಲಿಲ್ಲ.